ಕಾಫಿ ಪುಡಿ ಅಂಗಡಿಯ ಸನ್ನೆ ಪೆಟ್ಟಿಗೆ: ಕೆಲಸದ ಟಿಪ್ಪಣಿ

ಮೊದಲೇ ಹೇಳಿಬಿಡುತ್ತೇನೆ, ಇದು ಸನ್ನೆ ಭಾಷೆಯನ್ನು ಅನುವಾದ ಮಾಡುವ ಯಂತ್ರ ಅಲ್ಲ. ಚಿಕ್ಕಮಗಳೂರಿನ ಒಂದು ಕಾಫಿ ಪುಡಿ ಅಂಗಡಿಯ ಗಲ್ಲಾದ ಪಕ್ಕ ಕೂತು, ಒಬ್ಬ ಅಕ್ಕನ 18 ಸನ್ನೆಗಳನ್ನು ಕ್ಯಾಮೆರಾದಲ್ಲಿ ನೋಡಿ ಕನ್ನಡದಲ್ಲಿ ಹೇಳುವ ಪೆಟ್ಟಿಗೆ, ಅಷ್ಟೆ. ನನ್ನ ಕಸುಬು ಯುಪಿಎಸ್, ಮಿಕ್ಸಿ, ಟಿವಿ ರಿಪೇರಿ. ಪೈಥಾನ್ ಅಲ್ಪಸ್ವಲ್ಪ ಗೊತ್ತು.

ಪಕ್ಕದ ಪುಡಿ ಅಂಗಡಿಯಲ್ಲಿ ಬೀಜ ಅರೆಯುವ ಮಿಷನ್ ನೋಡಿಕೊಳ್ಳುವ ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಮೈಸೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಓದಿದವರು, ಸನ್ನೆ ಭಾಷೆ ಚೆನ್ನಾಗಿ ಬರುತ್ತದೆ. ಅವರ ಮಗ ಶಾಲೆ ಬಿಟ್ಟ ಮೇಲೆ ಅಂಗಡಿಗೆ ಬಂದು ಗಿರಾಕಿಗೂ ಅಮ್ಮನಿಗೂ ಮಧ್ಯೆ ಮಾತು ದಾಟಿಸುತ್ತಿದ್ದ. ಈ ವರ್ಷ ಪಿಯುಸಿ ಸೇರಿದ, ಬರುವುದು ಸಂಜೆಯೇ. ಅಂಗಡಿ ಯಜಮಾನರು ಹೊರಗೆ ಹೋದಾಗ ಆಲ್ದೂರು, ಮಲ್ಲಂದೂರು ಕಡೆಯಿಂದ ತೋಟದ ಬೀಜ ಹೊತ್ತು ತಂದವರು ಗಲ್ಲಾದ ಮುಂದೆ ನಿಂತು ಕೂಗಿ ಕೂಗಿ ಹೇಳುತ್ತಿದ್ದರು. ಕೂಗಿದರೆ ಕೇಳುತ್ತದೆ ಅಂತ ಎಲ್ಲರಿಗೂ ಅದ್ಯಾಕೆ ಅನಿಸುತ್ತದೋ! "ಅಣ್ಣ, ಫೋನ್‌ನಲ್ಲಿ ಎಐ ಎಲ್ಲಾ ಭಾಷೆ ತರ್ಜುಮೆ ಮಾಡುತ್ತಲ್ಲ, ಇದನ್ನೂ ಮಾಡಲ್ವಾ?" ಅಂತ ಹುಡುಗ ಕೇಳಿದ್ದೇ ಕೆಲಸಕ್ಕೆ ಕಾರಣ.

1. ಪದಗಳ ಪಟ್ಟಿ

ನಾನು ಬರೆದುಕೊಂಡು ಹೋದ ಪಟ್ಟಿಯಲ್ಲಿ ನಮಸ್ಕಾರ, ಧನ್ಯವಾದ, ಹೇಗಿದ್ದೀರಿ, ನಿಮ್ಮ ಹೆಸರೇನು, ಇಂಥವೇ ತುಂಬಿದ್ದವು. ಇಂಟರ್‌ನೆಟ್ಟಿನಲ್ಲಿ ಇಂಥ ಪ್ರಾಜೆಕ್ಟು ಮಾಡಿದವರೆಲ್ಲ ಇವನ್ನೇ ಇಟ್ಟುಕೊಂಡಿರುತ್ತಾರೆ. ಅಕ್ಕ ಪೆನ್ನು ಇಸಿದುಕೊಂಡು ಎಲ್ಲದರ ಮೇಲೂ ಗೀಟು ಎಳೆದರು. ನಮಸ್ಕಾರ ಕೈ ಮುಗಿದರೆ ಯಾರಿಗಾದರೂ ತಿಳಿಯುತ್ತದೆ, ಅದಕ್ಕೆ ಯಂತ್ರ ಯಾಕೆ?

ಅವರು ಬರೆದುಕೊಟ್ಟಿದ್ದು ಹೀಗಿತ್ತು: ಫಿಲ್ಟರಿಗಾ, ಸುಮ್ಮನೆ ಕುದಿಸೋಕಾ. ಚಿಕೋರಿ ಹಾಕಲಾ. ನುಣ್ಣಗೆ. ತರಿ. ಪೀಬಿ (ಹಣ್ಣಿಗೆ ಒಂದೇ ಗುಂಡು ಕಾಳಿರುವ ಕಾಫಿ ಬೀಜ) ಖಾಲಿ. ಮಿಷನ್ ಬಿಸಿಯಾಗಿದೆ, ಸ್ವಲ್ಪ ಹೊತ್ತು ತಡೀರಿ. ಬೀಜ ಇನ್ನೂ ಹಸಿ, ಹುರಿದಿದ್ದು ಸಾಲದು. ಚಿಲ್ಲರೆ ಕೊಡಿ. ನಾಳೆ ಬನ್ನಿ. ಪುಡಿ ಬಿಸಿ ಇದೆ, ಈಗಲೇ ಡಬ್ಬಿ ಮುಚ್ಚಬೇಡಿ. ಈ ಕೊನೆಯದಕ್ಕೆ ಎರಡು ಸಲ ಅಡಿಗೆರೆ ಹಾಕಿದ್ದರು. ಮನೆಗೆ ಹೋಗಿ ಪುಡಿ ಗಂಟುಕಟ್ಟಿದೆ ಅಂತ ವಾಪಸ್ ಬಂದು ಜಗಳ ಆಡುವವರು ಜಾಸ್ತಿಯಂತೆ.

ಹದಿನೆಂಟಕ್ಕೆ ನಿಲ್ಲಿಸಿದೆವು.

2. ಸಾಮಾನು

ರಾಸ್‌ಬೆರಿ ಪೈ 4 (ಅಂಗೈಯಗಲದ ಕಂಪ್ಯೂಟರ್ ಬೋರ್ಡು, ಮುಂದೆ ಬರೀ 'ಪೈ'), 4 ಜಿಬಿಯದ್ದು, ಸೆಕೆಂಡ್ ಹ್ಯಾಂಡ್: ₹4,200
ಯುಎಸ್‌ಬಿ ವೆಬ್‌ಕ್ಯಾಮ್, 720ಪಿ: ₹1,450
7 ಇಂಚಿನ ಎಚ್‌ಡಿಎಂಐ ಪರದೆ: ₹3,100
64 ಜಿಬಿ ಮೆಮೊರಿ ಕಾರ್ಡ್: ₹550
5 ವೋಲ್ಟ್, 3 ಆಂಪಿಯರ್ ಅಡಾಪ್ಟರ್: ₹650
2 ಅಡಿಯ ಎಲ್‌ಇಡಿ ಬ್ಯಾಟನ್: ₹180
ಪ್ಲೈವುಡ್, ಸ್ಕ್ರೂ: ₹300

ಇಲ್ಲಿಗೆ ₹10,430. ಪೈ ಮತ್ತು ಪರದೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದ್ದು, ಉಳಿದದ್ದು ಇಲ್ಲಿನದೇ. ಸ್ಪೀಕರ್ ನನ್ನ ಅಂಗಡಿಯ ಗುಜರಿಯಲ್ಲಿ ಬಿದ್ದಿದ್ದ ಹಳೆ ಕಂಪ್ಯೂಟರಿನದು.

3. ಬೆಳಕು ಮತ್ತು ಕ್ಯಾಮೆರಾ

ಇದಕ್ಕೆ ಸಾಫ್ಟ್‌ವೇರಿಗಿಂತ ಹೆಚ್ಚು ಹೊತ್ತು ಹೋಯಿತು. ಅಂಗಡಿಯೊಳಗೆ ಇದ್ದದ್ದು ಹಳೆ ಚೋಕ್ ಟ್ಯೂಬ್‌ಲೈಟ್. ಕ್ಯಾಮೆರಾದಲ್ಲಿ ನೋಡಿದರೆ ಅಡ್ಡ ಪಟ್ಟಿಗಳು ಮೇಲಿಂದ ಕೆಳಗೆ ಹರಿಯುತ್ತಿದ್ದವು. ವೆಬ್‌ಕ್ಯಾಮ್ 60 ಹರ್ಟ್ಸ್‌ಗೆ ಸೆಟ್ ಆಗಿ ಬಂದಿತ್ತು, ನಮ್ಮ ಕರೆಂಟ್ ಲೈನು 50 ಹರ್ಟ್ಸ್. ಸೆಟ್ಟಿಂಗ್ ಬದಲಿಸಿದ ಕೂಡಲೇ ಪಟ್ಟಿ ಹೋಯಿತು. ಎರಡನೇ ತೊಂದರೆ ಆಟೋ ಎಕ್ಸ್‌ಪೋಷರ್, ಅಂದರೆ ಬೆಳಕಿಗೆ ತಕ್ಕಂತೆ ಕ್ಯಾಮೆರಾ ತಾನೇ ಹೊಂದಿಕೊಳ್ಳುವುದು. ಮಳೆಗಾಲದ ಮಧ್ಯಾಹ್ನ ಅಂಗಡಿಯೊಳಗೆ ಕತ್ತಲೆ. ಕ್ಯಾಮೆರಾ ತಾನೇ ನಿಧಾನವಾಗಿ ಸೆಕೆಂಡಿಗೆ 30 ಫ್ರೇಮ್ ಬದಲು ಹತ್ತಕ್ಕೆ ಇಳಿಯುತ್ತಿತ್ತು. ಕೈ ಬೀಸಿದರೆ ಬೆರಳೇ ಕಾಣದು, ಬರೀ ಮಂಜು. ಆಟೋ ತೆಗೆದು ಎಕ್ಸ್‌ಪೋಷರ್ ಒಂದು ಕಡೆ ನಿಲ್ಲಿಸಿ, ಬ್ಯಾಟನ್ ಲೈಟನ್ನು ಕ್ಯಾಮೆರಾದ ಮೇಲೆ ಅಕ್ಕನ ಕಡೆ ತಿರುಗಿಸಿ ಹಾಕಿದೆ.

ಕ್ಯಾಮೆರಾ ನೆಲದಿಂದ 150 ಸೆಂ.ಮೀ. ಎತ್ತರ, ಅಕ್ಕ ನಿಲ್ಲುವ ಜಾಗದಿಂದ 110 ಸೆಂ.ಮೀ. ದೂರ. ತಲೆಯಿಂದ ಸೊಂಟದವರೆಗೆ ಎರಡೂ ಮೊಣಕೈ ಸಮೇತ ಕಾಣಬೇಕು. ಇನ್ನೂ ಹತ್ತಿರ ಇಟ್ಟರೆ ಕೈ ಚಾಚಿದಾಗ ಚೌಕಟ್ಟಿನಿಂದ ಆಚೆ ಹೋಗುತ್ತದೆ. ಹಿಂದಿನ ಗೋಡೆಗೆ ಒರಗಿಸಿದ್ದ ಗೋಣಿಚೀಲಗಳ ಬಣ್ಣವೂ ಪುಡಿ ಮೆತ್ತಿದ ಕೈಯ ಬಣ್ಣವೂ ಒಂದೇ ಆಗಿದ್ದರಿಂದ ಚೀಲ ಸರಿಸಿ ತಿಳಿನೀಲಿ ಬಟ್ಟೆ ಕಟ್ಟಿದೆವು. ಗಿರಾಕಿಗಳ ಮುಖ ಚಿತ್ರದಲ್ಲಿ ಬರುವುದಿಲ್ಲ, ಕ್ಯಾಮೆರಾ ಬೆನ್ನು ಅವರ ಕಡೆಗೆ. ಯಜಮಾನರು ಹಾಕಿದ ಷರತ್ತೂ ಅದೇ.

ಮಿಷನ್ ಇರುವ ಕಡೆ ಪುಡಿ ಗಾಳಿಯಲ್ಲೇ ಇರುತ್ತದೆ. ಸಂಜೆ ಹೊತ್ತಿಗೆ ಲೆನ್ಸ್ ಮೇಲೆ ಎಣ್ಣೆ ಜಿಡ್ಡಿನ ಕಂದು ಪದರ. ಒಣ ಬಟ್ಟೆಯಲ್ಲಿ ಒರೆಸಿದರೆ ಇನ್ನೂ ಹರಡುತ್ತದೆ. ಮೊಬೈಲಿನ ಸ್ಕ್ರೀನ್ ಗಾರ್ಡ್ ತುಂಡೊಂದನ್ನು ಮುಂದೆ ಅಂಟಿಸಿದ್ದೇನೆ, ಕೆಟ್ಟರೆ ಕಿತ್ತು ಇನ್ನೊಂದು ಹಾಕುವುದು.

4. ಕೈ ಹಿಡಿಯುವ ಸಾಫ್ಟ್‌ವೇರ್

ಗೂಗಲ್‌ನವರ ಮೀಡಿಯಾಪೈಪ್ ಬಳಸಿದ್ದು, ಉಚಿತ. ಅದು ಚಿತ್ರದಲ್ಲಿ ಮೊದಲು ಅಂಗೈ ಹುಡುಕಿ, ಆಮೇಲೆ ಒಂದೊಂದು ಕೈಯಲ್ಲಿ 21 ಬಿಂದುಗಳನ್ನು ಗುರುತು ಮಾಡಿಕೊಡುತ್ತದೆ: ಮಣಿಕಟ್ಟು 0, ಹೆಬ್ಬೆರಳ ತುದಿ 4, ತೋರುಬೆರಳ ತುದಿ 8, ಕಿರುಬೆರಳ ತುದಿ 20. ಮೈಗೆ ಬೇರೆ ಮಾದರಿ (ಕಲಿತು ಗುರುತಿಸುವ ಪ್ರೋಗ್ರಾಮ್) ಇದೆ, ಅದರಲ್ಲಿ 33 ಬಿಂದು. ನನ್ನ ಹಳೆ ಕಾರ್ಡಿನಲ್ಲಿ 32 ಬಿಟ್ ಓಎಸ್ ಇತ್ತು, ಅದರಲ್ಲಿ ಇನ್‌ಸ್ಟಾಲ್ ಆಗಲೇ ಇಲ್ಲ. 64 ಬಿಟ್ ಹಾಕಿದ ಮೇಲೆ ತಕರಾರಿಲ್ಲದೆ ಕೂತಿತು. ಇದೇ ಬೋರ್ಡಿನಲ್ಲಿ ಮಾಡುವವರು ಅದನ್ನು ಮೊದಲು ನೋಡಿಕೊಳ್ಳಿ.

ಎರಡೂ ಕೈ, ಮೈ ಸೇರಿ 640×480 ಚಿತ್ರಕ್ಕೆ ಸೆಕೆಂಡಿಗೆ 7ರಿಂದ 8 ಫ್ರೇಮ್ ಬರುತ್ತದೆ. ಕಡಿಮೆಯೇ, ಆದರೆ ಈ ಪದಗಳಿಗೆ ನಡೆಯುತ್ತದೆ.

ಬಿಂದುಗಳ ಅಂಕಿಯನ್ನು (ಚಿತ್ರದಲ್ಲಿ ಅವು ಇರುವ ಜಾಗ) ಹಾಗೇ, ಸನ್ನೆ ಯಾವುದೆಂದು ಕಲಿಯುವ ನನ್ನ ಮಾದರಿಗೆ ತಿನ್ನಿಸಿದ್ದು ಕೆಲಸಕ್ಕೆ ಬರಲಿಲ್ಲ. ಅಕ್ಕ ಒಂದು ಹೆಜ್ಜೆ ಎಡಕ್ಕೆ ನಿಂತರೆ 'ನುಣ್ಣಗೆ' ಹೋಗಿ 'ನಾಳೆ ಬನ್ನಿ' ಆಗುತ್ತಿತ್ತು. ಈಗ ಎರಡು ಭುಜದ ನಡುವಿನ ಬಿಂದುವನ್ನು ಸೊನ್ನೆ ಅಂತಲೂ, ಭುಜದಿಂದ ಭುಜಕ್ಕಿರುವ ಅಂತರವನ್ನು ಒಂದು ಅಂತಲೂ ಹಿಡಿದು ಎಲ್ಲ ಅಂಕಿ ಬದಲಿಸಿಕೊಳ್ಳುತ್ತೇನೆ. ಆಳದ ಅಂಕಿ ತುಂಬಾ ಅಲುಗಾಡುವುದರಿಂದ ಬಿಟ್ಟೆ. ಎರಡು ಕೈಯ 42 ಬಿಂದು, ಮೂಗು, ಎರಡು ಮೊಣಕೈ, ಒಟ್ಟು 45 ಬಿಂದು, ಫ್ರೇಮಿಗೆ 90 ಅಂಕಿ. ಒಂದು ಸನ್ನೆಗೆ 16 ಫ್ರೇಮ್. ಸನ್ನೆ ಉದ್ದವಿರಲಿ, ಗಿಡ್ಡವಿರಲಿ, ಹದಿನಾರಕ್ಕೆ ಹಿಗ್ಗಿಸಿಯೋ ಕುಗ್ಗಿಸಿಯೋ ಕೊಡುವುದು. ಕಲಿಸುವ ಕೆಲಸ ಲ್ಯಾಪ್‌ಟಾಪಿನಲ್ಲಿ, ಕಲಿತದ್ದನ್ನು ಚಿಕ್ಕ ಬೋರ್ಡಿನಲ್ಲೂ ಓಡುವ ಟೆನ್ಸರ್‌ಫ್ಲೋ ಲೈಟ್‌ಗೆ ಬದಲಿಸಿ ಪೈಗೆ ಹಾಕುವುದು.

ಕೈಯ ಮೇಲೆ ಕೈ ಬಂದರೆ ಮೀಡಿಯಾಪೈಪ್ ಒಂದು ಕೈಯನ್ನು ಕಳೆದುಕೊಳ್ಳುತ್ತದೆ, ಇಲ್ಲವೇ ಎರಡನ್ನೂ ಬಲಗೈ ಅನ್ನುತ್ತದೆ. ನಮ್ಮ ಭಾರತೀಯ ಸಂಜ್ಞಾ ಭಾಷೆಯಲ್ಲಿ ಎರಡು ಕೈಯ ಸನ್ನೆ ಜಾಸ್ತಿ, ಬೆರಳಕ್ಷರವೂ ಬಹುಪಾಲು ಎರಡು ಕೈಯದ್ದೇ. ಅಮೆರಿಕದ ಬೆರಳಕ್ಷರ ಒಂದು ಕೈಯಲ್ಲಿ ಮುಗಿಯುತ್ತದೆ. ಇಂಟರ್‌ನೆಟ್ಟಿನಲ್ಲಿ ಸಿಗುವ ರೆಡಿ ಮಾದರಿಗಳಲ್ಲಿ ಹೆಚ್ಚಿನವು ಆ ಒಂದು ಕೈಯ ಎ, ಬಿ, ಸಿ ಓದುವಂಥವು. ಅವನ್ನು ಇಳಿಸಿಕೊಂಡು ಇಲ್ಲಿ ಓಡಿಸಿದರೆ ಏನೂ ಉಪಯೋಗವಿಲ್ಲ. ನಾನು ಮಾಡಿದ್ದು ಇಷ್ಟು: ಎಡ ಬಲ ಯಾವುದೆಂದು ಕೈ ಮಾದರಿಯನ್ನು ಕೇಳುವುದನ್ನೇ ಬಿಟ್ಟು, ಮೈ ಮಾದರಿ ತೋರಿಸುವ ಮಣಿಕಟ್ಟಿಗೆ ಯಾವ ಕೈ ಹತ್ತಿರವೋ ಅದಕ್ಕೆ ಆ ಹೆಸರು. ಕೈ ಕಳೆದರೆ ಮೂರು ಫ್ರೇಮಿನವರೆಗೆ ಹಿಂದಿನ ಜಾಗದಲ್ಲೇ ಇದೆ ಅಂದುಕೊಳ್ಳುವುದು.

5. ವಿಡಿಯೊ ಮಾಡಿಕೊಂಡಿದ್ದು, ಮತ್ತು 97ರ ಮೋಸ

ತಯಾರಾದ ವಿಡಿಯೊ ಸಂಗ್ರಹ ಇಲ್ಲವೇ ಅಂತ ಹುಡುಕಿದಾಗ ಸಿಕ್ಕಿದ್ದು ಐಐಟಿ ಮದ್ರಾಸಿನ ಎಐ4ಭಾರತ್ ತಂಡದ 'ಇನ್‌ಕ್ಲೂಡ್'. 2020ರದ್ದು, 263 ಪದ, 4,287 ವಿಡಿಯೊ. ಪ್ರೋಗ್ರಾಮ್ ಸರಿಯಾಗಿ ಓಡುತ್ತದೋ ಇಲ್ಲವೋ ನೋಡಲು ಅದರಲ್ಲಿ ಕೆಲವನ್ನು ಬಳಸಿದೆ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದವರು 2021ಕ್ಕೆ ಹತ್ತು ಸಾವಿರ ಪದಗಳ ವಿಡಿಯೊ ನಿಘಂಟು ಮಾಡಿದ್ದಾರೆ. ಅಕ್ಕನಿಗೆ ಅದರಲ್ಲಿ ಕೆಲವು ಪದ ತೋರಿಸಿದೆ. ಕೆಲವಕ್ಕೆ ತಲೆಯಾಡಿಸಿದರು, ಕೆಲವಕ್ಕೆ ನಕ್ಕು ತಮ್ಮದನ್ನು ಮಾಡಿ ತೋರಿಸಿದರು. ತರಿ, ಪೀಬಿ, ಚಿಕೋರಿಗೆ ಅವರದ್ದೇ ಅಂಗಡಿ ಸನ್ನೆ. ಪೀಬಿ ಅಂದರೆ ಹೆಬ್ಬೆರಳು ತೋರುಬೆರಳ ನಡುವೆ ಒಂದು ಗುಂಡು ಕಾಳು ಹಿಡಿದು ಉರುಳಿಸಿದ ಹಾಗೆ. ಪೆಟ್ಟಿಗೆ ಅವರ ಕೈಯನ್ನು ಕಲಿಯಬೇಕೇ ಹೊರತು ಅವರು ಪೆಟ್ಟಿಗೆಗಾಗಿ ಕೈ ಬದಲಿಸುವುದಲ್ಲ, ಅಂತ ಅಲ್ಲಿಗೆ ನಿರ್ಧಾರ.

ಒಂದೊಂದು ಪದಕ್ಕೆ ಅಕ್ಕನದು 40, ಮಗನದು 20 ತುಣುಕು ಶೂಟ್ ಮಾಡಿದೆ. ಕಲಿಸಿ ಪರೀಕ್ಷೆ ಮಾಡಿದರೆ ನೂರಕ್ಕೆ 97 ಸರಿ. ಯಜಮಾನರಿಗೆ ತೋರಿಸಿ ಕಾಫಿಯನ್ನೂ ಕುಡಿದಾಯಿತು. ಮಾರನೇ ದಿನ ಗಲ್ಲಾದ ಹತ್ತಿರ ಇಟ್ಟರೆ ಅರ್ಧಕ್ಕರ್ಧ ತಪ್ಪು.

ಕಾರಣ ಇದು. ಎಲ್ಲ ತುಣುಕುಗಳನ್ನು ಕಲಸಿ, ಅದರಲ್ಲೇ ಐದರಲ್ಲೊಂದು ಪಾಲನ್ನು ಪರೀಕ್ಷೆಗೆ ತೆಗೆದಿಟ್ಟಿದ್ದೆ. ಒಂದೇ ಮಧ್ಯಾಹ್ನ, ಅದೇ ಬೆಳಕು, ಅದೇ ಸೀರೆ, ಬೆನ್ನಿಗೆ ಬೆನ್ನಿಗೆ ಮಾಡಿದ ಒಂದೇ ಸನ್ನೆ. ಪರೀಕ್ಷೆಗೆ ಇಟ್ಟಿದ್ದು ಕಲಿಸಿದ್ದರ ಜೆರಾಕ್ಸ್ ಕಾಪಿಯೇ. ಆಮೇಲೆ ದಿನದ ಲೆಕ್ಕದಲ್ಲಿ ಬೇರ್ಪಡಿಸಿದೆ: ಕಲಿಸಿದ ದಿನದ್ದು ಪರೀಕ್ಷೆಗಿಲ್ಲ. ನಿಜವಾದ ಅಂಕಿ 61 ಅಂತ ಬಂತು. ಮಗನ ತುಣುಕುಗಳನ್ನು ಪೂರ್ತಿ ಹೊರಗಿಟ್ಟು ಅವನ ಮೇಲೆಯೇ ಪರೀಕ್ಷೆ ಮಾಡಿದರೆ ಇನ್ನೂ ಕೆಳಗೆ, 43. ಅಂದರೆ ಇದು ಅಕ್ಕನ ಪೆಟ್ಟಿಗೆ. ಬೇರೆಯವರು ಬಂದು ನಿಂತರೆ ಅರ್ಧಕ್ಕಿಂತ ಹೆಚ್ಚು ತಪ್ಪುತ್ತದೆ.

ಪರಿಹಾರ ಬೇಜಾರಿನ ಕೆಲಸ. ದಿನಾ ಸ್ವಲ್ಪ ಸ್ವಲ್ಪ ಶೂಟ್ ಮಾಡುವುದು. ಬೆಳಿಗ್ಗೆ, ಸಂಜೆ, ಸ್ವೆಟರ್ ಹಾಕಿದ ದಿನ, ಸುಸ್ತಾಗಿ ಅರ್ಧಂಬರ್ಧ ಕೈ ಎತ್ತಿದಾಗಲೂ. ಆ ಸುಸ್ತಿನ ವಿಡಿಯೊಗಳಿಂದ ಸಿಕ್ಕಷ್ಟು ಲಾಭ ಇನ್ಯಾವುದರಿಂದಲೂ ಸಿಗಲಿಲ್ಲ. ಗಲ್ಲಾದಲ್ಲಿ ಯಾರೂ ಪಾಠದ ವಿಡಿಯೊದಂತೆ ನೆಟ್ಟಗೆ ನಿಂತು ಸನ್ನೆ ಮಾಡುವುದಿಲ್ಲ.

6. ಬಾಯಿ ಮುಚ್ಚದ ಪೆಟ್ಟಿಗೆ

ಅಕ್ಕನ ಕೈ ಇಡೀ ದಿನ ಆಡುತ್ತಲೇ ಇರುತ್ತದೆ. ಪೊಟ್ಟಣ ಕಟ್ಟುವುದು, ಬೀಜ ಸುರಿಯುವುದು, ತಕ್ಕಡಿ ಒರೆಸುವುದು. ಪೆಟ್ಟಿಗೆಗೆ ಎಲ್ಲವೂ ಸನ್ನೆ. "ಚಿಲ್ಲರೆ ಕೊಡಿ, ಚಿಲ್ಲರೆ ಕೊಡಿ" ಅಂತ ಒಂದೇ ಸಮನೆ ಕೂಗಲು ಶುರು. 'ಸುಮ್ಮನೆ' ಅಂತ ಹತ್ತೊಂಬತ್ತನೇ ವರ್ಗ ಮಾಡಿ ಕೆಲಸದ ವಿಡಿಯೊ ತುಂಬಿಸಿದೆ. ಕಡಿಮೆಯಾಯಿತು, ನಿಲ್ಲಲಿಲ್ಲ. ದಾರ ಎಳೆದು ಕತ್ತರಿಸುವುದಕ್ಕೂ 'ಪೀಬಿ ಖಾಲಿ'ಗೂ ಕೊನೆತನಕ ವ್ಯತ್ಯಾಸ ತಿಳಿಯಲಿಲ್ಲ.

ದಾರಿ ತೋರಿಸಿದ್ದು ಅಕ್ಕನೇ. ಕಾಲನ್ನು ನೆಲಕ್ಕೆ ಒತ್ತಿ ತೋರಿಸಿ, ಹೊಲಿಗೆ ಮಿಷನ್ ತುಳಿಯುವ ಹಾಗೆ ಮಾಡಿದರು. ಕಾಲಿಂಗ್ ಬೆಲ್ಲಿನ ಸ್ವಿಚ್ಚನ್ನು ಎರಡು ಹಲಗೆ ಮಧ್ಯೆ ಸ್ಪ್ರಿಂಗ್ ಇಟ್ಟು ಕೂರಿಸಿ ಪೆಡಲ್ ಮಾಡಿದೆ, ಖರ್ಚು ₹60. ತುಳಿದಿರುವಷ್ಟು ಹೊತ್ತು ಮಾತ್ರ ಪೆಟ್ಟಿಗೆ ನೋಡುತ್ತದೆ. ಬಿಟ್ಟ ತಕ್ಷಣ ಹೇಳುತ್ತದೆ. ಸನ್ನೆ ಎಲ್ಲಿ ಶುರು, ಎಲ್ಲಿ ಮುಗಿಯಿತು ಅನ್ನುವ ತಲೆನೋವೂ ಇದರಿಂದಲೇ ಹೋಯಿತು. ಹತ್ತೊಂಬತ್ತನೇ ವರ್ಗ ಕಿತ್ತು ಹಾಕಿದೆ.

ಪೆಡಲ್ ವೈರು 2 ಮೀಟರ್, ಪೈನ 11ನೇ ಪಿನ್ನಿಗೂ 9ನೇ ಪಿನ್ನಿನ ಗ್ರೌಂಡಿಗೂ. ಅರೆಯುವ ಮಿಷನ್ನಿನ 2 ಎಚ್‌ಪಿ ಮೋಟಾರ್ ಶುರುವಾದಾಗಲೆಲ್ಲ ಯಾರೂ ತುಳಿಯದೆ ಪೆಡಲ್ ಒತ್ತಿದಂತಾಗುತ್ತಿತ್ತು. ವೈರನ್ನು ಹೆಣೆದು, ಪಿನ್ನಿಗೆ 3.3 ವೋಲ್ಟಿನಿಂದ 1 ಕಿಲೋಓಮ್ ರೆಸಿಸ್ಟರ್, ಗ್ರೌಂಡಿಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ, ಪ್ರೋಗ್ರಾಮಿನಲ್ಲಿ 50 ಮಿಲಿಸೆಕೆಂಡಿಗಿಂತ ಚಿಕ್ಕ ಒತ್ತುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮಾಡಿದ ಮೇಲೆ ನಿಂತಿತು. ಅದೇ ಮೋಟಾರಿನ ದೆಸೆಯಿಂದ ವೋಲ್ಟೇಜ್ ಕುಸಿದು ಪೈ ರೀಸ್ಟಾರ್ಟ್ ಆಗುತ್ತಿತ್ತು. ನನ್ನಲ್ಲಿದ್ದ ಹಳೆ ಯುಪಿಎಸ್‌ಗೆ ಬ್ಯಾಟರಿ ಬದಲಿಸಿ ಕೊಟ್ಟೆ. ಚಿಕ್ಕಮಗಳೂರಿನ ಜುಲೈ ತಿಂಗಳ ಕರೆಂಟಿಗೆ ಅದು ಹೇಗೂ ಬೇಕಿತ್ತು.

7. ಇದೆಯೋ, ಇಲ್ಲವೋ, ಇದೆಯಾ ಅಂತಲೋ

ನಾನು ಎಣಿಸದೇ ಇದ್ದ ತೊಡಕು ಇದು. ಪೆಟ್ಟಿಗೆ ಗಲ್ಲಾಕ್ಕೆ ಬಂದ ಮೊದಲ ವಾರ, ಕಡೂರು ಕಡೆಯ ಹಿರಿಯರೊಬ್ಬರು ಚಿಕೋರಿ ಬೇಡವೇ ಬೇಡ ಅಂತ ಪುಡಿ ತೆಗೆದುಕೊಳ್ಳುವವರು. ಅಕ್ಕ ಸನ್ನೆ ಮಾಡಿದರು, ಪೆಟ್ಟಿಗೆ "ಚಿಕೋರಿ ಇದೆ" ಅಂತು. ಅವರು ಪೊಟ್ಟಣ ಅಲ್ಲೇ ಇಟ್ಟು ಹೊರಟರು. ಅಕ್ಕ ಹೇಳಿದ್ದು "ಚಿಕೋರಿ ಇಲ್ಲ". ಕೈ ಸನ್ನೆ ಒಂದೇ, ಜೊತೆಗೆ ತಲೆ ಅಡ್ಡಡ್ಡ ಆಡಿಸಿದ್ದರು. ಅದೇ ಸನ್ನೆಗೆ ಹುಬ್ಬು ಏರಿಸಿ ಮುಖ ಮುಂದೆ ಚಾಚಿದರೆ "ಚಿಕೋರಿ ಹಾಕಲಾ?" ನಾನು ಬರೀ ಕೈ ನೋಡುತ್ತಾ ಕೂತಿದ್ದೆ. ಮಾತಿನ ಅರ್ಧ ಭಾಗ ಮುಖದಲ್ಲಿತ್ತು.

"ಅಣ್ಣ, ಅಮ್ಮ ಮುಖದಲ್ಲೇ ಬೈತಾರೆ, ನಿಮಗೆ ಅಷ್ಟೂ ಗೊತ್ತಾಗಲ್ವಾ?" ಅಂದ ಹುಡುಗ.

ತಲೆ ಆಡಿಸುವುದನ್ನು ಹಿಡಿಯುವುದು ಸುಲಭವಾಯಿತು. ಭುಜದ ಮಧ್ಯಬಿಂದುವಿನಿಂದ ಮೂಗು ಎಡಕ್ಕೂ ಬಲಕ್ಕೂ ಎಷ್ಟು ಹೋಗಿ ಬಂತು ಅಂತ ನೋಡಿ, ದಿಕ್ಕು ಎರಡು ಸಲ ಬದಲಾದರೆ 'ಇಲ್ಲ'. ಹುಬ್ಬು ಮಾತ್ರ ಆಗಲಿಲ್ಲ. ಮುಖದ 468 ಬಿಂದುಗಳ ಮಾದರಿ ಸೇರಿಸಿದರೆ ಪೈ ಸೆಕೆಂಡಿಗೆ 4 ಫ್ರೇಮಿಗೆ ಇಳಿದು ಸನ್ನೆಯೇ ತಪ್ಪಿತು. 110 ಸೆಂ.ಮೀ. ದೂರದಿಂದ ಈ ಕ್ಯಾಮೆರಾದಲ್ಲಿ ಹುಬ್ಬು ಏರಿದ್ದು ಎರಡು ಮೂರು ಪಿಕ್ಸೆಲ್‌ನ ಮಾತು. ಅದಕ್ಕೇ ಪ್ರಶ್ನೆಗೆ ಪೆಡಲನ್ನು ಎರಡು ಸಲ ತಟ್ಟಿ ಒತ್ತುವುದು ಅಂತ ಮಾಡಿಕೊಂಡೆವು. ಅಕ್ಕ ಹುಬ್ಬನ್ನೂ ಏರಿಸುತ್ತಾರೆ, ಪೆಡಲನ್ನೂ ತಟ್ಟುತ್ತಾರೆ. ನನಗೆ ಇದು ಸಮಾಧಾನ ತಂದಿಲ್ಲ.

ಮಾದರಿಗೆ 0.8ಕ್ಕಿಂತ ಕಡಿಮೆ ಖಾತ್ರಿ ಇದ್ದರೆ ಪೆಟ್ಟಿಗೆ ಈಗ ಬಾಯಿ ಬಿಡುವುದಿಲ್ಲ. ಅಕ್ಕನ ಕಡೆಗಿರುವ ಕೆಂಪು ದೀಪ ಹತ್ತುತ್ತದೆ, ಅವರು ಇನ್ನೊಮ್ಮೆ ಮಾಡುತ್ತಾರೆ. ತಪ್ಪು ಮಾತು ಗಿರಾಕಿ ಕಿವಿಗೆ ಬೀಳುವುದಕ್ಕಿಂತ ಮೌನವೇ ವಾಸಿ, ಆ ಪೊಟ್ಟಣದ ದಿನದಿಂದ ಯಜಮಾನರದೂ ಅದೇ ಮಾತು.

8. ಕನ್ನಡ ಅಕ್ಷರ, ಕನ್ನಡ ದನಿ

ಓಪನ್‌ಸಿವಿ ಅನ್ನುವ ಚಿತ್ರದ ಲೈಬ್ರರಿಯಲ್ಲಿ ನೇರವಾಗಿ ಕನ್ನಡ ಬರೆಸಿದರೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ. ಬೇರೆ ಲೈಬ್ರರಿಯಲ್ಲಿ ಅಕ್ಷರ ಬಂತು, ಒತ್ತಕ್ಷರ ಒಡೆಯಿತು. 'ಚಿಲ್ಲರೆ'ಯಲ್ಲಿ ಎರಡನೇ 'ಲ' ಕೆಳಗೆ ಇಳಿಯದೆ ಪಕ್ಕದಲ್ಲೇ ನಿಂತಿತ್ತು. ಅದಕ್ಕೂ ಒಂದು ಪ್ಯಾಕೇಜ್ ಸೇರಿಸಿದರೆ ಸರಿಹೋಗುತ್ತದೆ, ಆದರೆ ಇಷ್ಟು ಕಡಿಮೆ ವಾಕ್ಯಕ್ಕೆ ಆ ಪಾಡು ಯಾಕೆ? ಇದೆ, ಇಲ್ಲ, ಪ್ರಶ್ನೆ ಎಲ್ಲ ಸೇರಿ ಆಗುವ 31 ವಾಕ್ಯವನ್ನೂ ಲ್ಯಾಪ್‌ಟಾಪಿನಲ್ಲಿ ದೊಡ್ಡ ಅಕ್ಷರದಲ್ಲಿ ಟೈಪು ಮಾಡಿ ಚಿತ್ರವಾಗಿ ಉಳಿಸಿ ಪೈಗೆ ಹಾಕಿದೆ.

ದನಿಗೂ ಹಾಗೇ. ಬರೆದದ್ದನ್ನು ಓದಿ ಹೇಳುವ ಇ-ಸ್ಪೀಕ್‌ಗೆ ಕನ್ನಡ ಬರುತ್ತದೆ, ಡಬ್ಬದೊಳಗಿಂದ ಮಾತಾಡಿದ ಹಾಗೆ. ಅಕ್ಕನಿಗೆ ಅದು ಕೇಳುವುದಿಲ್ಲ ನಿಜ, ಆದರೆ ದನಿ ಹೇಗಿದೆ ಅಂತ ಮಗನನ್ನು ಕೇಳಿ ತಿಳಿದುಕೊಂಡರು. ಗಂಡಸಿನ ದನಿ ಬೇಡ, ತಂಗಿಯ ದನಿ ಬೇಕು ಅಂದರು. ತಂಗಿ ಬಂದು 31 ವಾಕ್ಯ ಹೇಳಿ ಹೋದರು. "ಪುಡಿ ಬಿಸಿ ಐತೆ, ಈಗ್ಲೇ ಮುಚ್ಬೇಡ್ರಿ" ಅಂತ ಆಡುಮಾತಿನಲ್ಲೇ ಇದೆ. ಪೆಡಲ್ ಬಿಟ್ಟ ಮೇಲೆ ದನಿ ಬರಲು ಮುಕ್ಕಾಲು ಸೆಕೆಂಡು.

9. ಗಿರಾಕಿಯಿಂದ ಅಕ್ಕನಿಗೆ

₹700 ಕೊಟ್ಟು ಮೈಕ್ ತಂದು ಮಾತನ್ನು ಅಕ್ಷರ ಮಾಡಿಸಲು ನೋಡಿದೆ. ಮಿಷನ್ ಓಡುತ್ತಿದ್ದರೆ ಒಂದು ಪದವೂ ಸರಿ ಬರಲಿಲ್ಲ. ಮೈಕ್ ಈಗ ನನ್ನ ಡ್ರಾಯರಿನಲ್ಲಿದೆ. ಅದರ ಬದಲು ಒಂದು ಹಾಳೆಯಲ್ಲಿ ಕಾಲು, ಅರ್ಧ, ಒಂದು ಕೆಜಿ. ಚಿಕೋರಿ ಇಲ್ಲದ್ದು, ಕಾಫಿ-ಚಿಕೋರಿ 80-20, 70-30, 60-40. ನುಣ್ಣಗೆ, ತರಿ ಅಂತ ಚಿತ್ರ ಸಮೇತ ಪ್ರಿಂಟ್ ಹಾಕಿಸಿ ಲ್ಯಾಮಿನೇಟ್ ಮಾಡಿ ಗಲ್ಲಾ ಮೇಲೆ ಅಂಟಿಸಿದೆವು, ₹40. ಗಿರಾಕಿ ಬೆರಳಿಟ್ಟು ತೋರಿಸುತ್ತಾರೆ. ಇಡೀ ಪ್ರಾಜೆಕ್ಟಿನಲ್ಲಿ ಒಂದು ದಿನವೂ ಕೈಕೊಡದೆ ಇರುವುದು ಈ ಹಾಳೆ.

ಪೆಡಲ್, ಮೈಕ್, ಹಾಳೆ ಸೇರಿ ₹11,230. ಯುಪಿಎಸ್ ಬ್ಯಾಟರಿ ಲೆಕ್ಕಕ್ಕೆ ಹಿಡಿದಿಲ್ಲ.

10. ಈಗ ಎಲ್ಲಿಗೆ ಬಂದಿದೆ

ಅಕ್ಕ ಪೆಡಲ್ ತುಳಿದು ಮಾಡಿದ ಸನ್ನೆಗಳಲ್ಲಿ ಹತ್ತಕ್ಕೆ ಒಂಬತ್ತು ಸರಿ ಹೋಗುತ್ತಿವೆ. ಉಳಿದದ್ದರಲ್ಲಿ ಬಹುಪಾಲು ಕೆಂಪು ದೀಪ, ತಪ್ಪು ಮಾತು ಅಪರೂಪ. ಸಂತೆ ದಿನ ಜನ ನುಗ್ಗಿದಾಗ ಅಕ್ಕ ಪೆಟ್ಟಿಗೆಯ ಸಹವಾಸ ಬಿಟ್ಟು ಹಾಳೆ ತೋರಿಸಿಯೇ ಮುಗಿಸುತ್ತಾರೆ.

ಸಿಕ್ಕಿಹಾಕಿಕೊಂಡಿರುವುದು ಹೊಸ ಪದ ಸೇರಿಸುವಲ್ಲಿ. ಪ್ರತಿ ಸಲ ಶೂಟ್ ಮಾಡಿ ಲ್ಯಾಪ್‌ಟಾಪಿನಲ್ಲಿ ಮತ್ತೆ ಕಲಿಸಬೇಕು, ಅದಕ್ಕೆ ನಾನೇ ಬೇಕು. ಅಕ್ಕ ತಾವೇ ಐದು ಸಲ ಮಾಡಿ ತೋರಿಸಿದರೆ ಪೆಟ್ಟಿಗೆ ಉಳಿಸಿಕೊಂಡು, ಮುಂದೆ ಬಂದ ಸನ್ನೆಯನ್ನು ಅದರ ಜೊತೆ ಅಳೆದು ನೋಡುವ ಹಾಗೆ ಇನ್ನೊಂದು ಪ್ರೋಗ್ರಾಮ್ ಬರೆಯುತ್ತಿದ್ದೇನೆ. ಮೊದಲ ಪದ 'ಏಲಕ್ಕಿ', ಪುಡಿಗೆ ಏಲಕ್ಕಿ ಸೇರಿಸಿ ಕೊಡಿ ಅನ್ನುವವರು ಹೆಚ್ಚಾಗಿದ್ದಾರಂತೆ. ಅಕ್ಕನ ಏಲಕ್ಕಿ ಸನ್ನೆ ಬೆರಳಲ್ಲಿ ಸಿಪ್ಪೆ ಉಜ್ಜಿ ಬಿಡಿಸಿದಂತೆ, ಚಿಲ್ಲರೆಯದ್ದು ದುಡ್ಡು ಉಜ್ಜಿದಂತೆ. ಪೆಟ್ಟಿಗೆಗೆ ಎರಡೂ ಒಂದೇ. ಏಲಕ್ಕಿಯನ್ನು ಮೂಗಿನ ಹತ್ತಿರ ತಂದು ಮಾಡಿದರೆ ಹೇಗೆ ಅಂತ ಅಕ್ಕನೇ ತೋರಿಸಿದ್ದಾರೆ. ಅದರ ವಿಡಿಯೊ ನಾಳೆಯಿಂದ.